ಎಲ್ಲಾ ಮನೆಗೂ ನುಗ್ಗಿದ ಬೆರಳು

ಎಪ್ಪತ್ತೆಂಟನೇ ಇಸವಿ. ಕಾಮಸಮುದ್ರದ ಕಡೆಯ ಕೋದಂಡಪ್ಪ ಬಂಗಾರಪೇಟೆಯಲ್ಲಿ ರೈಲು ಹತ್ತಿ ಚಿನ್ನದ ಗಣಿಯ ಮಾರಿಕುಪ್ಪಂಗೆ ಬಂದು, ಗಣಿ ಕೆಲಸದವರ ವಠಾರದ ಲೈನುಗಳಿಗೆ ಹಾಲು ಹಾಕಿದ ಮೇಲೆ, ಹಾಲಿನ ನಾತ ಆರದ ಕೈಯಲ್ಲೇ ಮ್ಯಾಂಡೊಲಿನ್ ಹಿಡಿದು ಸವರಿಮುತ್ತುವಿನ ಜಗುಲಿಯಲ್ಲಿ ಕೂರುತ್ತಿದ್ದ. ಸವರಿಮುತ್ತು ಗಣಿಯಲ್ಲಿ ಫಿಟ್ಟರು. ಯಾರೋ ಬಿಟ್ಟುಹೋದ ಅಮೆರಿಕದ ರೆಕಾರ್ಡು ಕೇಳಿ ಬ್ಲೂಗ್ರಾಸ್ ಎಂಬ ಅಲ್ಲಿನ ಹಳ್ಳಿಗಾಡಿನ ಸಂಗೀತ ಕಲಿತು, ಒಂದು ಪುಟ್ಟ ತಂಡ ಕಟ್ಟಿದ್ದ. ಆ ಸಂಗೀತದಲ್ಲಿ ಹಾಡಿನ ನಡುವೆ ಒಬ್ಬೊಬ್ಬರಿಗೂ ಸರದಿ ಬರುತ್ತದೆ. ಆಗ ತೋಚಿದ್ದನ್ನು ನುಡಿಸಬೇಕು. ಕ್ರಿಸ್‌ಮಸ್ಸಿಗೆ ಅಂಥದೊಂದು ಸರದಿ ಸಿಕ್ಕಿದರೆ ಕೋದಂಡಪ್ಪನಿಗೆ ಸಾಕಿತ್ತು.

ತೋಚಬೇಕಾದರೆ ಬೆರಳಿಗೆ ದಾರಿ ಗೊತ್ತಿರಬೇಕು. ಮ್ಯಾಂಡೊಲಿನ್ನಿನ ತಂತಿಗಳ ಕೆಳಗೆ ಅಡ್ಡಡ್ಡ ಕೂರಿಸಿದ ಹಿತ್ತಾಳೆ ಪಟ್ಟಿಗಳ ನಡುವಿನ ಜಾಗಕ್ಕೆ ಕೋದಂಡಪ್ಪ ಚೌಕಾಬಾರದ ಹಾಗೆ ಮನೆ ಎನ್ನುತ್ತಿದ್ದ. ಸವರಿಮುತ್ತು ಕಣ್ಣು ಮುಚ್ಚಿ ತಾಳ ಹಾಕುತ್ತ, "ಒಣ್ಣು, ವೀಡು, ಮೂಣು" ಎಂದು ತನ್ನ ತಮಿಳಿನಲ್ಲಿ ಎಳೆದೆಳೆದು ಹೇಳಿಕೊಡುತ್ತಿದ್ದ.

ಬಂದ ನಾದ ಮಾತ್ರ ಹಳಸಿದ ಮುದ್ದೆಯಂತಿತ್ತು. ಕೋದಂಡಪ್ಪನಿಗೇ ಕೇಳಲಾಗುತ್ತಿರಲಿಲ್ಲ. ತಿಂಗಳುಗಟ್ಟಲೆ ತಿದ್ದಿ ಬೇಸತ್ತ ಸವರಿಮುತ್ತು ಒಂದು ದಿನ ಕಣ್ಣು ಬಿಟ್ಟು ನೋಡಿದ.

"ಡೇ, ಎರಡನೇದನ್ನ ಯಾಕೆ ಒತ್ತುತೀಯ?"

"ನೀವೇ ಏಳಿದ್ದಲ್ವಾ ಅಣ್ಣ, ವೀಡು ಅಂತ. ತಮಿಳಲ್ಲಿ ಮನೆ ಅಲ್ವಾ? ಆ ಮನೇನೂ ಒತ್ತು ಅಂತ ಅಂದ್ಕಂಡೆ."

"ವಿಡು ಅಂದೆ ಕಣಪ್ಪ. ಬಿಡು ಅಂತ."

ತಂಡದಲ್ಲಿ ಗಿಟಾರು ನುಡಿಸುವ ಬೈರಪ್ಪ ಬಿದ್ದು ಬಿದ್ದು ನಕ್ಕ. "ಎಲ್ಲಾ ಮನೆಗೂ ನುಗ್ತಾನೆ ಕಣ್ಲಾ ಇವ್ನು. ವರಲಕ್ಷ್ಮಮ್ಮಂಗೆ ಗೊತ್ತಾ?"

ವರಲಕ್ಷ್ಮಮ್ಮ ಕೋದಂಡಪ್ಪನ ಹೆಂಡತಿ. ಆ ಕೊಳಕು ನಗೆ ಅವನ ಮೈಗೆ ಜಿಡ್ಡಿನಂತೆ ಅಂಟಿತು. ಆದರೂ ಕಲಿತದ್ದನ್ನು ಮರೆಯಲು ಕೂತ. ಒತ್ತು, ಬಿಡು, ಒತ್ತು. ಅದೇ ನಡೆಯನ್ನು ಮೇಲಕ್ಕೆ ಸರಿಸಿದರೆ ಬೇರೆ ಶ್ರುತಿ. ಬುದ್ಧಿಗೆ ಹತ್ತಿತು. ಬೆರಳು ಮಾತ್ರ, ಬಾಗಿಲು ತೆರೆದಿದ್ದರೆ ಸಾಕು, ನಾಯಿಯ ಹಾಗೆ ಒಳಗೆ ನುಗ್ಗುತ್ತಿತ್ತು.

ಕ್ರಿಸ್‌ಮಸ್ಸಿನ ದಿನ ಹಾಡಿನ ನಡುವೆ ಸವರಿಮುತ್ತು ಗದ್ದ ಎತ್ತಿ, ನಿನ್ನ ಸರದಿ ಎಂದು ಸನ್ನೆ ಮಾಡಿದ. ಕೋದಂಡಪ್ಪ ಶುರುಮಾಡಿದ. ಒಂದು ಸಾಲು ಚೆನ್ನಾಗಿಯೇ ಬಂತು. ಆಮೇಲೆ ಬೆರಳು ಬಿಡಬೇಕಾದ ಮನೆಗೆ ಹೋಯಿತು, ಅಲ್ಲಿಂದ ಇನ್ನೊಂದಕ್ಕೆ. ಮುಂದೆ ಕೂತವರು ಕೇಕು ಅಗಿಯುತ್ತಲೇ ಇದ್ದರು, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದೇ ಹೋದದ್ದು ಅವನಿಗೆ ಇನ್ನಷ್ಟು ಹೇಸಿಗೆಯಾಯಿತು.

ಮುಗಿದ ಮೇಲೆ ಹೇಳಿದ: "ನಂಗೆ ಸರದಿ ಬ್ಯಾಡ ಅಣ್ಣ. ಇಂದ್ಗಡೆ ತಾಳ ಕೊಟ್ಕಂಡು ಇರ್ತೀನಿ."

ಹಾಗನ್ನಬೇಡ, ನುಡಿಸು ಎಂದು ಸವರಿಮುತ್ತು ಹೇಳಿಯಾನೇನೋ ಎಂದು ಒಂದು ಗಳಿಗೆ ಕಾದ.

"ಸರಿಪ್ಪಾ," ಎಂದ ಸವರಿಮುತ್ತು. ಅವನ ಮುಖದಲ್ಲಿ, ಹಲ್ಲುನೋವು ಇಳಿದವನ ನೆಮ್ಮದಿ.