ಸೊಪ್ಪಿನ ಬಿಲ್ಲೆ, ಸ್ಪಿರಿಟ್ಟಿನ ಬಿಲ್ಲೆ

ಪ್ರಯೋಗಾಲಯದಲ್ಲಿ ಅವಳಿಗೆ ಎಲ್ಲರೂ ಇಟ್ಟಿದ್ದ ಹೆಸರು ‘ಇನ್ನೊಂದ್ಸಲ’. ಯಾರು ಯಾವ ಫಲಿತಾಂಶ ತಂದು ತೋರಿಸಿದರೂ “ಇನ್ನೊಂದ್ಸಲ ಮಾಡಿ ನೋಡೋಣ” ಎನ್ನುವುದು ಅವಳ ಚಾಳಿ. ಚಪ್ಪಲಿ ಕೊಳ್ಳಲು ಹೋದರೂ ಬೀದಿಯ ಅಂಗಡಿಗಳನ್ನೆಲ್ಲ ಸುತ್ತಿ ಕೊನೆಗೆ ಮೊದಲನೆಯದಕ್ಕೇ ವಾಪಸು ಬರುವ ಜಾಯಮಾನ.

ಇಂಥವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮನಿಗೆ ಮಾತ್ರ ಹುಟ್ಟಿದಾಗಿನಿಂದ ಯಾವುದರಲ್ಲೂ ಅನುಮಾನ ಬಂದಿದ್ದಿಲ್ಲ. ಹಿತ್ತಲ ತುಂಬ ಗಾಯದ ಸೊಪ್ಪು. ಬೀದಿಯಲ್ಲಿ ಯಾರ ಮೊಣಕಾಲು ತರಚಲಿ, ದೊಡ್ಡಮ್ಮ ಸೊಪ್ಪು ಅರೆದು ಹಿಡಿದುಕೊಂಡು ಹಾಜರ್. ವಾಸಿಯಾದರೆ ಸೊಪ್ಪಿನ ಮಹಿಮೆ, ಆಗದಿದ್ದರೆ ಗಾಯವಾದವರು ಪಥ್ಯ ಮಾಡಲಿಲ್ಲ. ಸೋಲೇ ಇಲ್ಲದ ವೈದ್ಯ.

ಈ ಸುದ್ದಿ ಹೇಗೋ ಪ್ರೊಫೆಸರರ ಕಿವಿಗೆ ಬಿತ್ತು. ಸೊಪ್ಪಿನಲ್ಲಿ ಕ್ರಿಮಿ ಕೊಲ್ಲುವ ಅಂಶ ಇದೆಯೇ ನೋಡೋಣ ಎಂದರು. ಕೆಲಸ ಸುಲಭದ್ದೇ. ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸಾರ ತೆಗೆಯಬೇಕು. ಸಣ್ಣ ಕಾಗದದ ಬಿಲ್ಲೆಗಳನ್ನು ಅದರಲ್ಲಿ ಅದ್ದಿ, ಸ್ಪಿರಿಟ್ಟೆಲ್ಲ ಆರುವವರೆಗೆ ಚೆನ್ನಾಗಿ ಒಣಗಿಸಿ, ಬ್ಯಾಕ್ಟೀರಿಯಾ ಸವರಿದ ಗಾಜಿನ ತಟ್ಟೆಯ ಮೇಲಿಡಬೇಕು. ಬಿಲ್ಲೆಯ ಸುತ್ತ ಏನೂ ಬೆಳೆಯದೆ ಬರೀ ವೃತ್ತ ಉಳಿದರೆ ಮದ್ದು ಕೆಲಸ ಮಾಡಿದೆ ಎಂದರ್ಥ. ಜೊತೆಗೆ ಬರೀ ಸ್ಪಿರಿಟ್ಟಿನ ಬಿಲ್ಲೆಯೊಂದು ಇರಲೇಬೇಕು. ಕೊಂದದ್ದು ಸೊಪ್ಪೋ ಸ್ಪಿರಿಟ್ಟೋ ಎಂದು ಮತ್ತೆ ಹೇಗೆ ಗೊತ್ತಾಗಬೇಕು?

“ನಾಳೆ ದೊಡ್ಡ ಮನುಷ್ಯರು ನೋಡೋಕೆ ಬರ್ತಿದಾರೆ. ಬಿಲ್ಲೆ ಒಣಗಿಸ್ತಾ ಕೂತ್ರೆ ಆಗುತ್ತಾ? ಹಂಗೇ ಇಡಿ,” ಎಂದರು ಪ್ರೊಫೆಸರು. “ಆ ಬರೀ ಸ್ಪಿರಿಟ್ಟಿನ ಬಿಲ್ಲೆ ಬೇಡ, ಫೋಟೋ ಕೆಡುತ್ತೆ.”

ಜೀವಮಾನದಲ್ಲಿ ಆ ಒಂದೇ ದಿನ ಅವಳು ‘ಇನ್ನೊಂದ್ಸಲ’ ಎನ್ನಲಿಲ್ಲ. ಒದ್ದೆ ಬಿಲ್ಲೆಗಳನ್ನೇ ಇಟ್ಟಳು. ಮರುದಿನ ತಟ್ಟೆಯ ತುಂಬ ಮುದ್ದಾದ ವೃತ್ತಗಳು. ಬಂದವರು ತಲೆದೂಗಿದರು. ಪತ್ರಿಕೆಯಲ್ಲಿ ಪ್ರೊಫೆಸರರ ನಗುಮುಖ ಬಂತು, ಮೂಲೆಯಲ್ಲಿ ಅವಳ ಅರ್ಧ ಭುಜವೂ ಬಂತು. ದೊಡ್ಡಮ್ಮ ಅದನ್ನು ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಕ್ಕರೆ ಕಾಯಿಲೆಯ ದೊಡ್ಡಮ್ಮನ ಕಾಲಿನ ಹೆಬ್ಬೆರಳಿಗೆ ಹುಣ್ಣಾಯಿತು. ಮೊದಲು ಕೆಂಪಗಿತ್ತು, ಆಮೇಲೆ ಅಂಚು ಕಪ್ಪಾಗತೊಡಗಿತು. ಬೀದಿಯ ಡಾಕ್ಟರು ಮನೆಗೇ ಬಂದು, ಆಸ್ಪತ್ರೆಗೆ ಸೇರದಿದ್ದರೆ ಕಾಲು ಹೋದೀತು ಎಂದರು. ದೊಡ್ಡಮ್ಮ ಅಡುಗೆಮನೆಯ ಬಾಗಿಲ ಕಡೆ ಬೆರಳು ತೋರಿಸಿದಳು.

“ಓದಿ ನೋಡಪ್ಪ. ನಮ್ಮ ಹುಡುಗೀನೇ ಕಂಡುಹಿಡಿದಿದ್ದಾಳೆ.”

ಹುಡುಗಿ ಅಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಪ್ರಯೋಗಾಲಯಕ್ಕೆ ಓಡಿದಳು. ಈ ಸಲ ಒಂದು ತಟ್ಟೆಯಲ್ಲಿ ಬರೀ ಸ್ಪಿರಿಟ್ಟಿನ ಒದ್ದೆ ಬಿಲ್ಲೆ, ಇನ್ನೊಂದರಲ್ಲಿ ಪೂರ್ತಿ ಒಣಗಿಸಿದ ಸೊಪ್ಪಿನ ಬಿಲ್ಲೆ. ಮರುದಿನ ನೋಡಿದರೆ ಸ್ಪಿರಿಟ್ಟಿನ ಸುತ್ತ ಅದೇ ಮುದ್ದಾದ ವೃತ್ತ. ಸೊಪ್ಪಿನ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದಿತ್ತು.

“ಅಪರೂಪಕ್ಕೆ ಒಂದು ಕೆಲಸ ಚೆನ್ನಾಗಿ ಆಗಿದೆ, ಅದನ್ನೂ ಕೆದಕಬೇಕಾ?” ಎಂದರು ಪ್ರೊಫೆಸರು. “ತಿದ್ದುಪಡಿ ನಿಧಾನಕ್ಕೆ ಕೊಡೋಣ.” ನಿಧಾನಕ್ಕೆ ಎಂದರೆ ಅವರು ನಿವೃತ್ತರಾದ ಮೇಲೆ ಎಂದು ಕಾಲೇಜಿನ ಗೋಡೆಗಳಿಗೂ ಗೊತ್ತು. ನೀವು ಕೊಡದಿದ್ದರೆ ನಾನೇ ಕೊಡುತ್ತೇನೆ ಎಂದು ಹೇಳಿ ಅವಳು ಮನೆಗೆ ಹೊರಟಳು.

ದೊಡ್ಡಮ್ಮ ಕಾಲು ಚಾಚಿಕೊಂಡು ಸೊಪ್ಪು ಅರೆಯುತ್ತಿದ್ದಳು. ಇವಳು ಮೊಬೈಲಿನಲ್ಲಿ ಎರಡೂ ತಟ್ಟೆಗಳ ಚಿತ್ರ ತೋರಿಸಿ, ಇದು ಸ್ಪಿರಿಟ್ಟು, ಇದು ನಿನ್ನ ಸೊಪ್ಪು ಎಂದು ಬಿಡಿಸಿ ಹೇಳಿದಳು. ತಪ್ಪು ನನ್ನದೇ, ಪೇಪರಿನವರದ್ದಲ್ಲ ಎಂದೂ ಹೇಳಿದಳು. ಬೈಗುಳಕ್ಕೆ ತಯಾರಾಗಿಯೇ ಕೂತಿದ್ದಳು.

ಬೈಗುಳ ಬರಲಿಲ್ಲ. ದೊಡ್ಡಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ಅಂದ್ರೆ ಇದು ಏನೂ ಮಾಡಲ್ವಾ?”

“ಈ ಹುಣ್ಣಿಗೆ ಸಾಲಲ್ಲ ದೊಡ್ಡಮ್ಮ. ತಟ್ಟೇಲೇ ಸಾಲಲಿಲ್ಲ.”

“ನಿಮ್ಮ ದೊಡ್ಡಪ್ಪನ ಕಾಲಿಗೂ ಇದನ್ನೇ ಹಚ್ಚಿದ್ದೆ ಕಣೇ. ಆಸ್ಪತ್ರೆಗೆ ಹೋಗೋಣ ಅಂತ ಕೊನೇ ವಾರ ಪೂರ್ತಿ ಗೋಗರೆದ್ರು. ನಾನೇ ಬೇಡ ಅಂದೆ.” ಕೈಯಲ್ಲಿದ್ದ ಗುಂಡುಕಲ್ಲನ್ನು ಕೆಳಗಿಟ್ಟಳು. “ಆಗ್ಲೇ ಕರ್ಕೊಂಡು ಹೋಗಿದ್ರೆ ಉಳೀತಿದ್ರಾ?”

ಹುಡುಗಿ ದೊಡ್ಡಮ್ಮನ ಕಾಲ ಬಳಿಗೆ ಸರಿದಳು. ಪಾದಕ್ಕೆ ಮೆತ್ತಿದ್ದ ಹಸಿರನ್ನು ಸೆರಗಿನಿಂದ ಒರೆಸುತ್ತ, ತಲೆ ಎತ್ತದೆ ಹೇಳಿದಳು.

“ಇಲ್ಲ ದೊಡ್ಡಮ್ಮ. ಉಳೀತಿರ್ಲಿಲ್ಲ. ಏಳು, ಗಾಡಿ ಕರೀತೀನಿ.”

ಈ ಮಾತನ್ನು ಅವಳು ಯಾವ ತಟ್ಟೆಯಲ್ಲೂ ಪರೀಕ್ಷಿಸಿ ನೋಡಿರಲಿಲ್ಲ.