ಕೂತು ತೀರಿಸಿಕೊಂಡ ಸೇಡು

ಗಂಜಿ ಅಕ್ಕನ ಮುತ್ತಜ್ಜ ಮರ ಕೊಯ್ಯುವವನು. ಗುಂಡಿಯೊಳಗೆ ನಿಂತು ಗರಗಸದ ಕೆಳತುದಿ ಹಿಡಿದು, ಕಣ್ಣಿಗೂ ಮೂಗಿಗೂ ಹೊಟ್ಟು ತುಂಬಿಕೊಂಡು ಬದುಕಿದವನು. ಮರದ ವ್ಯಾಪಾರಿಯೊಬ್ಬ ಒಮ್ಮೆ ಆಳುಗಳೆಲ್ಲರ ಮುಂದೆ ಅವನ ಕೆನ್ನೆಗೆ ಬಾರಿಸಿದ. ಮುತ್ತಜ್ಜ ಕೈ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಆ ವ್ಯಾಪಾರಿ ಹೊಸ ಮನೆ ಕಟ್ಟಿಸುವ ಕಾಲ ಬಂದಾಗ ಮುಂಬಾಗಿಲಿನ ಹಲಗೆಗಳನ್ನು ತಾನೇ ಕೊಯ್ದುಕೊಟ್ಟ. ಕಣ್ಣಿಗೆ ಕಾಣದಷ್ಟು ಓರೆಯಾಗಿ ಕೊಯ್ದುಕೊಟ್ಟ. ಎಷ್ಟು ಬಡಗಿಗಳು ಬಂದು ಕೀಸುಳಿ ಹಾಕಿದರೂ ಬಾಗಿಲು ನೆಟ್ಟಗೆ ಮುಚ್ಚಲಿಲ್ಲ. ವ್ಯಾಪಾರಿಯ ಮೊಮ್ಮಕ್ಕಳ ಕಾಲಕ್ಕೂ ಅದು ಕಿರುಗುಟ್ಟುತ್ತಲೇ ಇತ್ತು.

ಅಜ್ಜಿ ಅವನಿಗೆ ತಕ್ಕ ಮಗಳು. ನೆರೆಮನೆಯವಳು ಜಗಳ ತೆಗೆದು ತನ್ನ ಬಾವಿಗೆ ಬೀಗ ಜಡಿದಾಗ, ಈಕೆ ಸೆರಗು ಸಿಕ್ಕಿಸಿ ತನ್ನ ಹಿತ್ತಲನ್ನೇ ಅಗೆಯಲು ನಿಂತಳು. ನೀರು ಸಿಕ್ಕಿದ ದಿನ ಬೀದಿಯ ಮನೆಮನೆಗೂ ಒಂದೊಂದು ಕೊಡ ಹೊತ್ತು ಕೊಟ್ಟಳು. ಆ ಒಂದು ಮನೆಯ ಹೊಸ್ತಿಲ ಮುಂದೆ ಮಾತ್ರ ಖಾಲಿ ಕೊಡ ಬೋರಲು ಹಾಕಿ ಹಿಂದಿರುಗಿದಳು. ಇನ್ನು ಅಪ್ಪ, ಬಸ್ಸಿನ ಕಂಡಕ್ಟರು. ರಜೆ ಕೇಳಲು ಹೋದಾಗ ‘ನಾಯಿ ಥರ ಬಾಗಿಲಲ್ಲಿ ನಿಲ್ಲಬೇಡ’ ಎಂದು ಗದರಿದ್ದ ಸಾಹೇಬ ಮುಂದೊಂದು ದಿನ ಟಿಕೆಟ್ ತೆಗೆಯದೆ ಅವನದೇ ಬಸ್ಸಿನಲ್ಲಿ ಕೂತುಬಿಟ್ಟ. ಅಪ್ಪ ಸೀಟಿ ಊದಿ, ಒಂದು ಪೊದೆಯ ನೆರಳೂ ಇಲ್ಲದ ಕಡೆ ಬಸ್ಸು ನಿಲ್ಲಿಸಿ, ‘ಇಳೀರಿ ಸಾಹೇಬ್ರೆ, ಗಾಳಿ ಚೆನ್ನಾಗಿದೆ’ ಎಂದು ಇಳಿಸಿ ಬಂದ. ಅದಕ್ಕೆ ಶಿಕ್ಷೆಯೂ ಆಯಿತು. ಅದನ್ನು ಅವನು ಬಹುಮಾನದ ಹಾಗೆ ಊರೆಲ್ಲ ಹೇಳಿಕೊಂಡು ತಿರುಗಿದ.

ಇಂಥ ಮನೆತನದಲ್ಲಿ ಹುಟ್ಟಿದವಳು ಗಂಜಿ ಅಕ್ಕ. ಹುಟ್ಟಿನಿಂದ ಅವಳಿಗೆ ಬಂದ ಆಸ್ತಿ ಎಂದರೆ ಏನನ್ನೂ ಮರೆಯದ ಮನಸ್ಸು, ಮತ್ತೆ ಅಪ್ಪನ ಕಾಲು. ಜೀವಮಾನವಿಡೀ ನಿಂತೇ ಟಿಕೆಟ್ ಹರಿದ ಅಪ್ಪನ ಮೀನಖಂಡದ ಮೇಲೆ ನರಗಳು ಹಂಬಿನಂತೆ ಉಬ್ಬಿ ಹೆಣೆದುಕೊಂಡಿದ್ದವು. ಇವಳ ಕಾಲೂ ಮೂವತ್ತು ದಾಟುವಷ್ಟರಲ್ಲಿ ಅದೇ ಹಾದಿ ಹಿಡಿಯಿತು. ಗಂಜಿ ಎಂಬ ಹೆಸರು ಬಂದದ್ದು ಅವಳು ಬಟ್ಟೆಗೆ ಹಾಕುವ ಗಂಜಿಯಿಂದ ಎಂದು ಹೊಸಬರು ತಿಳಿಯುತ್ತಾರೆ. ಬೀದಿಯವರಿಗೆ ಗೊತ್ತು, ಅದು ಅವಳ ಕತ್ತಿನ ಬಿಗುವಿಗೆ ಬಿದ್ದ ಹೆಸರು.

ಕೊಟ್ಟ ಮನೆಯವರದು ಲಾಂಡ್ರಿ. ಮುಂದೆ ಗಲ್ಲಾಪೆಟ್ಟಿಗೆಯಲ್ಲಿ ಭಾವ, ಹಿಂದೆ ತೊಟ್ಟಿಯ ಹತ್ತಿರ ಗಂಡ, ನಡುವೆ ಸಾಲಾಗಿ ಇಸ್ತ್ರಿ ಮೇಜುಗಳು. ಗಂಡ ಸಾಧು ಪ್ರಾಣಿ. ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಅವನ ಉಗುರುಗಳೂ ನೀಲಿ. ಅಣ್ಣ ಅತ್ತಿಗೆಯ ಮುಂದೆ ಅವನಿಗೆ ಬಾಯಿ ಇದ್ದೂ ಇಲ್ಲ. ಮೇಜುಗಳ ಯಜಮಾನಿಕೆ ಭಾವನ ಹೆಂಡತಿಯದು, ಅಂದರೆ ಗಂಜಿ ಅಕ್ಕನ ಓರಗಿತ್ತಿಯದು. ಆಕೆ ಮಾಡಿದ ಕಟ್ಟಳೆ ಒಂದೇ: ಇಸ್ತ್ರಿಯವರು ಕೂರಕೂಡದು.

‘ಕೂತು ಇಸ್ತ್ರಿ ಮಾಡಿದ ಬಟ್ಟೆ ಕೂತ ಹಾಗೇ ಕಾಣುತ್ತೆ’ ಎನ್ನುವಳು. ಗೋಡೆಯ ಬದಿಯಲ್ಲಿದ್ದ ಒಂದೇ ಒಂದು ಸ್ಟೂಲನ್ನು ತೆಗೆದು ಅದರ ಮೇಲೆ ಸೋಪಿನ ಡಬ್ಬ ಇಡಿಸಿದಳು. ಬಿಸಿ ಹಬೆ, ಒದ್ದೆ ಸಿಮೆಂಟು ನೆಲ, ಬೆಳಗಿನಿಂದ ಬಾಗಿಲು ಹಾಕುವವರೆಗೆ ನಿಂತೇ ಕೆಲಸ. ಸಂಜೆಯಾದರೆ ಗಂಜಿ ಅಕ್ಕನ ಕಾಲು ಸೀಸ ತುಂಬಿದಂತೆ ಭಾರ. ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತಿರುತ್ತಿತ್ತು. ಮಂಡಿಯ ಹಿಂದೆ ಜೇಡ ಬಲೆ ನೇಯ್ದ ಹಾಗೆ ನೇರಳೆ ಗೆರೆಗಳು ಬೇರೆ.

ಅದನ್ನು ಓರಗಿತ್ತಿ ಕಂಡಳು. ಕಂಡು ಸುಮ್ಮನಿರಬಾರದೆ?

‘ಗಂಜಿ, ಸೀರೆ ಕೆಳಗೆ ಎಳ್ಕೊಳ್ಳೇ! ಕಾಲ್ಮೇಲೆ ಊರಿನ ನಕ್ಷೆ ಬರೆಸ್ಕೊಂಡಿದೀಯ. ಗಿರಾಕಿಗಳು ದಾರಿ ಹುಡುಕೋಕೆ ನಿಂತ್ಬಿಡ್ತಾರೆ!’

ಅಂಗಡಿ ತುಂಬ ಜನ. ನಕ್ಕರು. ಭಾವನೂ ಗಲ್ಲಾಪೆಟ್ಟಿಗೆಯೊಳಗೆ ಮುಖ ಹಾಕಿ ನಕ್ಕ. ಗಂಜಿ ಅಕ್ಕ ಕಾಲರಿನ ಮೇಲೆ ಇಸ್ತ್ರಿ ಒತ್ತಿ ಹಿಡಿದಳು, ಹೊಗೆ ಬರುವ ಮೊದಲು ತೆಗೆದಳು. ಆ ನಗುವಿನಲ್ಲಿ ಯಾರ ಯಾರ ಹಲ್ಲು ಕಂಡಿತೆಂದು ಅವಳು ಇವತ್ತಿಗೂ ಹೇಳಬಲ್ಲಳು.

ರಕ್ತನಾಳದ ಡಾಕ್ಟರಮ್ಮನ ಹತ್ತಿರ ಹೋದದ್ದು ಆಮೇಲೆ. ಡಾಕ್ಟರಮ್ಮ ಅವಳನ್ನು ನಿಲ್ಲಿಸಿ, ತಣ್ಣನೆಯ ಅಂಟು ಸವರಿ, ಸ್ಕ್ಯಾನ್ ಮಾಡಿ ನೋಡಿದರು.

‘ಕಾಲಿನ ರಕ್ತ ಮೇಲಕ್ಕೆ ಹತ್ಬೇಕಲ್ವಾ ಅಮ್ಮ? ಕೆಳಗೆ ಜಾರದ ಹಾಗೆ ನಾಳದೊಳಗೆ ಪುಟ್ಟ ಪುಟ್ಟ ಬಾಗಿಲುಗಳಿರ್ತವೆ. ನಿಮ್ದು ಸಡಿಲ ಆಗಿವೆ. ಸ್ವಲ್ಪ ಅಪ್ಪನಿಂದ ಬಂದಿದ್ದು, ಸ್ವಲ್ಪ ನಿಂತೂ ನಿಂತೂ ಆಗಿದ್ದು.’

ಬಿಗಿ ಕಾಲುಚೀಲ ಬರೆದುಕೊಟ್ಟರು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಏರಿಸಿಕೊಳ್ಳಬೇಕು, ಊತ ಬಂದ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ; ನಡುನಡುವೆ ಕೂರಬೇಕು, ಕಾಲು ಎತ್ತರಕ್ಕಿಡಬೇಕು. ಕೂರುವ ಮಾತು ಲಾಂಡ್ರಿಯಲ್ಲಿ ನಡೆಯಲಿಲ್ಲ. ಕಾಲುಚೀಲ ನಡೆಯಿತು. ಹಾಕಿಕೊಳ್ಳುವಾಗ ಹಾವಿನ ಪೊರೆಯೊಳಗೆ ಮತ್ತೆ ಹಾವನ್ನು ತುರುಕಿದಷ್ಟು ಕಷ್ಟ. ಹಾಕಿದ ಮೇಲೆ ಮಾತ್ರ ಯಾರೋ ತಿಳಿದವರು ಕಾಲನ್ನು ಎರಡು ಕೈಯಲ್ಲಿ ಹಿಡಿದು ನಿಂತಂತೆ ಹಿತ. ಎಷ್ಟೋ ವರ್ಷಗಳ ಮೇಲೆ ಅವಳು ಸಂಜೆ ಮನೆಗೆ ಕುಂಟದೆ ಹೋದಳು.

ಆ ಸುಖ ಹೆಚ್ಚು ಕಾಲ ಉಳಿಯಲಿಲ್ಲ. ಒಂದು ರಜೆಯ ದಿನ ಅವಳು ಕಾಲುಚೀಲ ಒಗೆದು ಲಾಂಡ್ರಿಯ ಹಿಂದಿನ ತಂತಿಯ ಮೇಲೆ ನೆರಳಿಗೆ ಹಾಕಿದ್ದಳು. ತಂತಿಯ ಮೇಲಿಂದ ಇಳಿದದ್ದು ಏನೇ ಆಗಲಿ, ಇಸ್ತ್ರಿಯಾಗದೆ ಒಳಗೆ ಹೋಗಬಾರದೆಂಬುದು ಆ ಮನೆಯ ಪದ್ಧತಿ. ಒರಸುವ ಬಟ್ಟೆಗೂ ಅಲ್ಲಿ ಗೆರೆ ಇರುತ್ತಿತ್ತು. ಮರುದಿನ ಬೆಳಿಗ್ಗೆ ಅವಳ ಮೇಜಿನ ಮೇಲೆ ಆ ಕಾಲುಚೀಲಗಳು ನೀಟಾಗಿ ಮಡಚಿ ಕೂತಿದ್ದವು. ಮಧ್ಯೆ ಚೂರಿಯಂಥ ಗೆರೆ. ಕೈಗೆತ್ತಿಕೊಂಡ ಕೂಡಲೇ ತಿಳಿಯಿತು, ಜೀವ ಹೋಗಿದೆ. ಎಳೆದರೆ ಎಳೆದಷ್ಟೇ ಬಂತು, ಹಿಂದಕ್ಕೆ ಸೇರಲಿಲ್ಲ.

‘ಇದನ್ನ ಇಸ್ತ್ರಿ ಮಾಡ್ದೋರು ಯಾರು?’

‘ನಾನೇ ಕಣೇ’ ಎಂದಳು ಓರಗಿತ್ತಿ. ‘ನಿನ್ನ ಬಟ್ಟೆ ಅಂತ ಹಾಗೇ ಬಿಡೋಕಾಗುತ್ತಾ? ಒಳ್ಳೇದಕ್ಕೇ ಮಾಡಿದೆ.’

‘ಜೀವಮಾನ ಲಾಂಡ್ರೀಲಿ ಕಳೆದೋರಿಗೆ ರಬ್ಬರಿಗೆ ಬಿಸಿ ತಾಗಿದ್ರೆ ಏನಾಗುತ್ತೆ ಅಂತ ಗೊತ್ತಿಲ್ವಾ ಅಕ್ಕಾ?’

‘ಅಯ್ಯೋ, ಒಂದು ಕಾಲುಚೀಲಕ್ಕೆ ಇಷ್ಟು ಕೂಗಾಟನಾ! ಸೊಂಟಕ್ಕೊಂದು ದಾರ ಕಟ್ಕೊಂಡು ಎಳ್ಕೊ.’

ಮತ್ತೆ ನಗು. ಬೇಕೆಂದೇ ಮಾಡಿದಳೋ, ರೂಢಿಯ ಕೈ ತಾನಾಗಿ ಓಡಿತೋ, ಬಲ್ಲವರಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡ, ‘ಅತ್ತಿಗೆ ಬೇಕಂತ ಮಾಡಿರಲ್ಲ ಬಿಡೇ’ ಎಂದ. ಗಂಜಿ ಅಕ್ಕ ಅವನ ತಟ್ಟೆಗೆ ಬಡಿಸಿ, ಅಲ್ಲಿಗೆ ಅವನ ಜೊತೆ ಮಾತು ನಿಲ್ಲಿಸಿದಳು.

ಹೊಸ ಜೊತೆ ಕೊಳ್ಳಲು ಆಗಲಿಲ್ಲ, ಹಳೆಯದರಲ್ಲೇ ನಿಂತಳು. ಕಣಕಾಲಿನ ಒಳಮಗ್ಗುಲು ಕಪ್ಪಾಯಿತು, ಕಡಿತ ಶುರುವಾಯಿತು, ಒಂದು ದಿನ ಮೇಜಿನ ಕಾಲು ತಗುಲಿ ಚರ್ಮ ಕಿತ್ತಿತು. ಆ ಗಾಯ ಮಾಯಲೇ ಇಲ್ಲ. ಹುಣ್ಣಿನ ನೀರು ಸುತ್ತಿದ ಬಟ್ಟೆಪಟ್ಟಿಯ ಆಚೆ ಬಂದದ್ದನ್ನು ನೋಡಿ ಓರಗಿತ್ತಿ, ‘ಬಿಳಿ ಬಟ್ಟೆ ಹತ್ರ ಬರ್ಬೇಡ’ ಎಂದು ಅವಳನ್ನು ಮೇಜಿನಿಂದ ಸರಿಸಿ ಹಿಂದಿನ ತೊಟ್ಟಿಗೆ ಕಳಿಸಿದಳು. ಗಂಜಿ ಅಕ್ಕ ತೊಟ್ಟಿಗೆ ಹೋಗಲಿಲ್ಲ. ಮುಂಬಾಗಿಲಿಂದ ಹೊರಗೆ ನಡೆದಳು. ಬೀದಿಯ ನಡುವೆ ತಿರುಗಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

‘ನಿಮ್ಮ ಕಣ್ಣೆದುರಿಗೇ ಕೂತು ಇಸ್ತ್ರಿ ಮಾಡ್ತೀನಿ. ನೀವು ನಿಂತು ನೋಡ್ಬೇಕು. ಹಾಗಾಗ್ಲಿಲ್ಲ ಅಂದ್ರೆ ನಾನು ಕಂಡಕ್ಟರ್ ಮಗಳೇ ಅಲ್ಲ!’

ಹಾಗೆ ಕೂರಬೇಕಾದರೆ ಮೊದಲು ಕಾಲು ಉಳಿಯಬೇಕು. ಕಿವಿಯ ಓಲೆ ಬಿಚ್ಚಿ ಮಾರಿ ಮತ್ತೆ ಡಾಕ್ಟರಮ್ಮನ ಮುಂದೆ ಹೋದಳು.

‘ಮೊದ್ಲು ಈ ನೇರಳೆ ಗೆರೆ ತೆಗೀರಿ ಡಾಕ್ಟ್ರಮ್ಮ. ಒಬ್ಬಳ ಬಾಯಿ ಮುಚ್ಚಿಸ್ಬೇಕು.’

‘ಅದಕ್ಕೆ ಸೂಜಿ ಸಾಕು. ಔಷಧಿ ಚುಚ್ಚಿದ್ರೆ ಒಳಗೇ ಅಂಟ್ಕೊಂಡು ದಿನ ಕಳೆದ ಹಾಗೆ ಮಾಸಿ ಹೋಗ್ತವೆ. ಆದ್ರೆ ಅವು ಬರೀ ನೋಟಕ್ಕೆ ಕೆಟ್ಟವು ಅಮ್ಮ. ಹುಣ್ಣು ಮಾಡಿರೋದು ಒಳಗಿರೋ ದೊಡ್ಡದು. ಅದನ್ನ ಬಿಟ್ಟು ಮೇಲಿಂದು ತೆಗೆದ್ರೆ ಒತ್ತಡಕ್ಕೆ ಮತ್ತೆ ಬರ್ತವೆ.’

‘ಹಾಗಾದ್ರೆ ದೊಡ್ಡದನ್ನ ಕೊಯ್ದು ಹಾಕಿ.’

‘ಹಿಂದೆ ಹಾಗೇ ಕೊಯ್ದು ಎಳೆದು ತೆಗೀತಿದ್ರು, ಈಗ್ಲೂ ಕೆಲವರಿಗೆ ಅದೇ ಬೇಕಾಗುತ್ತೆ. ನಿಮಗೆ ಲೇಸರ್ ಸಾಕು. ಮಂಡಿ ಹತ್ರ ಸೂಜಿ ಚುಚ್ಚಿದಷ್ಟು ತೂತು. ಅಲ್ಲಿಂದ ತೆಳು ತಂತಿ ಬಿಟ್ಟು, ಒಳಗಿಂದ ಬಿಸಿ ಕೊಟ್ಟು ನಾಳಾನ ಮುಚ್ಚಿಬಿಡೋದು. ರಕ್ತ ಬೇರೆ ಒಳ್ಳೆ ನಾಳಗಳಲ್ಲಿ ಹೋಗುತ್ತೆ. ಅವತ್ತೇ ನಡ್ಕೊಂಡು ಮನೆಗೆ ಹೋಗ್ಬಹುದು.’

‘ಬಿಸಿನಾ? ಅಂದ್ರೆ ನನ್ನ ಕಾಲಿಗೂ ಇಸ್ತ್ರಿ!’

ಡಾಕ್ಟರಮ್ಮ ನಕ್ಕರು. ಆ ನಗುವನ್ನು ಮಾತ್ರ ಗಂಜಿ ಅಕ್ಕ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೆಚ್ಚು ಕೆಟ್ಟಿದ್ದ ಎಡಗಾಲಿಗೆ ಮೊದಲು ಆಯಿತು. ಹೊಸ ಬಿಗಿ ಕಾಲುಚೀಲ ಬಂತು. ಅದನ್ನು ಮನೆಯೊಳಗೇ, ಕೋಣೆಯ ಬಾಗಿಲು ಹಾಕಿ ಒಣಗಿಸಿದಳು. ಹುಣ್ಣು ನಿಧಾನವಾಗಿ ಅಂಚಿನಿಂದ ಒಳಕ್ಕೆ ಕೂಡಿಕೊಂಡು ಬಂತು. ಪೂರ್ತಿ ಮಾಯುವ ಹೊತ್ತಿಗೆ ಲಾಂಡ್ರಿಯ ಎದುರಿಗೇ, ಬೀಗ ರಿಪೇರಿಯವನು ಬಿಟ್ಟುಹೋದ ಸಣ್ಣ ಅಂಗಡಿ ಹಿಡಿದಿದ್ದಳು. ಹಳೇ ಮೇಜೊಂದನ್ನು ತಂದು, ಅದರ ಕಾಲುಗಳನ್ನು ತಾನೇ ಗರಗಸ ಹಿಡಿದು ಕುಳ್ಳಗೆ ಕೊಯ್ದಳು. ಕೂತರೆ ಮೊಣಕೈ ಸರಿಯಾಗಿ ಮೇಜಿನ ಮಟ್ಟಕ್ಕೆ ಬರಬೇಕು, ಹಾಗೆ. ಬೆನ್ನಿಗೆ ಆಸರೆ ಇರುವ ಕುರ್ಚಿ ಇಟ್ಟಳು. ಕಾಲಿಡಲು ಬೋರಲು ಹಾಕಿದ ಪೆಟ್ಟಿಗೆ. ಕಾಲು ಚಾಚಿದರೆ ಹೆಬ್ಬೆರಳು ನೆಟ್ಟಗೆ ಲಾಂಡ್ರಿಯ ಬಾಗಿಲಿಗೆ ಗುರಿ.

ಮೊದಲ ಬೆಳಿಗ್ಗೆ ಓರಗಿತ್ತಿ ಬಾಗಿಲು ತೆರೆದಾಗ ಅವಳಿಗೆ ಕಂಡದ್ದು ಈ ಪಾದಗಳೇ.

ಒಂದೇ ಕಡೆ ಕೂತಿರಬೇಡಿ, ಆಗಾಗ ಎದ್ದು ನಡೆಯಿರಿ ಎಂದೂ ಡಾಕ್ಟರಮ್ಮ ಹೇಳಿದ್ದರು. ನಡೆಯಲು ಬೀದಿಗೆ ಎರಡು ಕಡೆ ದಾರಿ ಇದ್ದರೂ ಗಂಜಿ ಅಕ್ಕ ನಡೆದದ್ದು ಒಂದೇ ಕಡೆ. ಕೈಯಲ್ಲಿ ಗರಿಗರಿ ಅಂಗಿಗಳ ಹ್ಯಾಂಗರು ಎತ್ತಿ ಹಿಡಿದು, ಲಾಂಡ್ರಿಯ ಬಾಗಿಲಿಗೆ ಭುಜ ತಾಗುವಷ್ಟು ಹತ್ತಿರದಲ್ಲಿ ಹಾದು ಹೋಗುವಳು, ಮತ್ತೆ ಹಾದು ಬರುವಳು.

‘ಏನು ಗಂಜಿ ಅಕ್ಕ, ಗಸ್ತು ತಿರುಗ್ತಿದೀರಾ?’ ಎಂದು ಗಡಿಯಾರದಂಗಡಿಯವನು ಕೇಳಿದರೆ, ‘ಡಾಕ್ಟ್ರ ಅಪ್ಪಣೆ ಕಣಪ್ಪ, ಮೀರೋ ಹಾಗಿಲ್ಲ’ ಎನ್ನುವಳು.

ಗಿರಾಕಿಗಳು ಮೊದಲು ತಮಾಷೆ ನೋಡಲು ಬಂದರು, ಆಮೇಲೆ ಬಟ್ಟೆ ತಂದರು. ಲಾಂಡ್ರಿಯಲ್ಲಿ ನಿಂತು ನಿಂತು ಸೊಂಟ ಮುರಿದಿದ್ದ ಇಸ್ತ್ರಿಯ ಹೆಂಗಸರಿಗೆ ಎದುರಿನ ಕುರ್ಚಿ ಕಣ್ಣಿಗೆ ಚುಚ್ಚಿತು. ಒಬ್ಬಳು ಬೀದಿ ದಾಟಿದಳು, ಹಿಂದೆಯೇ ಇನ್ನೊಬ್ಬಳು. ಅವರಿಗೂ ಕುಳ್ಳ ಮೇಜು, ಅವರಿಗೂ ಕುರ್ಚಿ. ಕಡೆಗೆ ಒಂದು ಬೆಳಿಗ್ಗೆ ಗಂಡನೂ ತನ್ನ ತಗಡಿನ ತೊಟ್ಟಿಯನ್ನು ತಲೆಯ ಮೇಲೆ ಹೊತ್ತು ಬಂದು ನಿಂತ.

‘ಎಲ್ಲಿಡ್ಲಿ?’

‘ಬಾಯಿ ಬಂತಾ ನಿಮಗೆ! ಅಲ್ಲೇ ನಲ್ಲಿ ಕೆಳಗಿಡಿ’ ಎಂದಳು. ಅಂದಿನಿಂದ ಅವನ ಜೊತೆ ಮಾತು ಶುರುವಾಯಿತು.

ಎದುರಿನ ಲಾಂಡ್ರಿಯಲ್ಲಿ ಉಳಿದ ಮೇಜಿಗೆ ಕೈ ಇಲ್ಲವಾಯಿತು. ಕಟ್ಟಳೆ ಮಾಡಿದವಳೇ ಒದ್ದೆ ಸಿಮೆಂಟಿನ ಮೇಲೆ ನಿಂತಳು. ಸ್ಟೂಲು ಹಾಕಿಕೊಂಡು ಕೂರಬಹುದಿತ್ತು. ಎದುರಿನಿಂದ ನೋಡುವ ಕಣ್ಣಿಗೆ ಹೆದರಿ ಕೂರಲಿಲ್ಲ. ಗಂಜಿ ಅಕ್ಕ ಇದನ್ನು ಬಲ್ಲಳು. ಬಲ್ಲವಳಾದ್ದರಿಂದಲೇ ಕೆಲಸ ಮುಗಿದರೂ ಬಾಗಿಲು ಬೇಗ ಹಾಕುತ್ತಿರಲಿಲ್ಲ.

ಹೀಗಿರುವಾಗ ಬಲಗಾಲಿನ ಸರದಿ ಬಂತು. ಅದನ್ನೂ ಮುಚ್ಚಿಸದಿದ್ದರೆ ಅಲ್ಲೂ ಹುಣ್ಣಾಗುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಮಾಡಿಸಿಕೊಂಡ ಮೇಲೆ ಕೆಲವು ದಿನ ಬಿಸಿಯ ಹತ್ತಿರ ಹೋಗಬಾರದು, ಭಾರ ಎತ್ತಬಾರದು. ಆ ಇಬ್ಬರು ಹೆಂಗಸರಲ್ಲಿ ಒಬ್ಬಳು ಬಾಣಂತಿ ಮಗಳ ಮನೆಗೆ ಹೋಗಿದ್ದಳು, ಇನ್ನೊಬ್ಬಳಿಗೆ ಜ್ವರ. ಗಂಡನಿಗೆ ಒಗೆಯುವುದಷ್ಟೇ ಗೊತ್ತು. ಅಂಗಡಿ ಮುಚ್ಚಿದರೆ ಗಿರಾಕಿಗಳು ಹೋಗಲು ಬೇರೆ ಜಾಗವಿಲ್ಲ, ಎದುರಿನ ಬಾಗಿಲೇ. ಹೋದವರು ಹಿಂದೆ ಬರುತ್ತಾರೆಂದು ಯಾರು ಹೇಳಬಲ್ಲರು?

ಈ ಸುದ್ದಿ ಬೀದಿ ದಾಟಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಓರಗಿತ್ತಿ ತಾನೇ ನಡೆದು ಬಂದಳು. ಒಳಗೆ ಎರಡು ಕುರ್ಚಿ ಖಾಲಿ ಇದ್ದವು. ಗಂಜಿ ಅಕ್ಕ ಕೂರಿ ಎನ್ನಲಿಲ್ಲ.

‘ಆಸ್ಪತ್ರೆಗೆ ಹೋಗ್ತೀಯಂತೆ’ ಎಂದಳು ಓರಗಿತ್ತಿ, ಬಾಗಿಲಲ್ಲೇ ನಿಂತು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಿದ್ದಳು.

‘ಹೌದು.’

‘ಅಷ್ಟು ದಿನ ಇಲ್ಲಿ ನಾನು ಬಂದು ಮಾಡ್ಕೊಡ್ತೀನಿ ಕಣೇ. ನಿನ್ನ ಅಂಗಡೀಲೇ, ನಿನ್ನ ಗಿರಾಕಿಗಳಿಗೇ. ಬಂದ ಕಾಸೆಲ್ಲ ನಿನಗೇ. ನಾವಿಬ್ರೂ ಒಂದೇ ಮನೆಗೆ ಬಂದೋರು, ಎಷ್ಟು ದಿನ ಹೀಗೆ ಮುಖ ತಿರುಗಿಸ್ಕೊಂಡು ಇರೋದು?’

ಅವಳ ದನಿಯಲ್ಲಿ ಕಪಟವಿದ್ದಂತೆ ಕಾಣಲಿಲ್ಲ. ದಣಿವಿತ್ತು. ಗಂಜಿ ಅಕ್ಕನ ಕಣ್ಣು ಅವಳ ಮುಖ ಬಿಟ್ಟು ಕೆಳಗಿಳಿಯಿತು. ಕಣಕಾಲು ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ಅದರ ಮೇಲೆ, ಎಳೆಯದಾಗಿ, ನೇರಳೆ ಗೆರೆಗಳ ಒಂದು ಬಲೆ ಬಿಚ್ಚಿಕೊಳ್ಳುತ್ತಿತ್ತು. ಅದು ಏನೆಂದು, ಮುಂದೆ ಎಲ್ಲಿಗೆ ಹೋಗುತ್ತದೆಂದು, ಯಾವ ಡಾಕ್ಟರಿಗೆ ಈಗಲೇ ತೋರಿಸಿದರೆ ಒಳ್ಳೆಯದೆಂದು ಗಂಜಿ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಮಾತೆತ್ತಲಿಲ್ಲ. ಕೈಯಲ್ಲಿದ್ದ ಅಂಗಿಯ ತೋಳು ಮುಗಿಸಿ, ಮಡಚಿ, ಪಕ್ಕಕ್ಕಿಟ್ಟಳು. ತೊಟ್ಟಿಯ ಹತ್ತಿರ ಗಂಡ ಕೈ ನಿಲ್ಲಿಸಿ ಇತ್ತ ನೋಡುತ್ತಿದ್ದ.

‘ಅಕ್ಕಾ, ನಾಳೆಯಿಂದ ಈ ಅಂಗಡಿಗೆ ಬೀಗ. ನನ್ನ ಗಿರಾಕಿಗಳು ಅಷ್ಟು ದಿನ ಮುದುಡಿದ ಅಂಗೀಲೇ ಕೆಲಸಕ್ಕೆ ಹೋಗ್ಲಿ, ಮುದುಡಿದ ಅಂಗೀಲೇ ಹೆಣ್ಣು ನೋಡೋಕೆ ಹೋಗ್ಲಿ. ಇಲ್ಲಾ, ನಿಮ್ಮ ಬಾಗಿಲಿಗೇ ಬಂದು ಅಲ್ಲೇ ಉಳ್ಕೊಳ್ಲಿ, ಮತ್ತೆ ಒಬ್ಬೊಬ್ಬರನ್ನಾಗಿ ಎಳ್ಕೊಂಡ್ ಬರೋದು ನನಗೆ ಗೊತ್ತು. ನಿಮ್ಮ ಕೈಲಿ ಮಾತ್ರ ನಾನು ಒಂದು ಕರ್ಚೀಫೂ ಮಡಚಿಸಲ್ಲ. ಹೊರಡಿ, ಬೆಳಕಿಗೆ ಅಡ್ಡ ನಿಂತಿದೀರಿ.’