ಎರವಲು ಕೋಟಿಗೆ ಹತ್ತಿದ ಹಲಸಿನ ಮೇಣ

ರಜೆಯಲ್ಲಿ ಕಾಶ್ಮೀರಕ್ಕೆ ಹೊರಟಾಗ ಮಗಳಿಗೊಂದು ಚಳಿಯ ಕೋಟು ಬೇಕಾಯಿತು. ಕಾವೂರಿನ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯ ಅಜ್ಜಿ, ನಾವೆಲ್ಲ 'ಬಾಯಿ' ಎಂದು ಕರೆಯುವವರು, ಕೆನಡಾದಿಂದ ಬಂದಿದ್ದ ತಮ್ಮ ಮೊಮ್ಮಗಳ ಕೋಟನ್ನೇ ಕೊಟ್ಟರು. ಪ್ರವಾಸದಲ್ಲಿ ಅದಕ್ಕೆ ಏನೂ ಆಗಲಿಲ್ಲ. ಆದದ್ದು ಮರಳಿ ಬಂದಮೇಲೆ, ನಮ್ಮ ಅಡುಗೆಮನೆಯಲ್ಲಿ ಹಲಸಿನ ಹಣ್ಣು ಕೊಯ್ದ ದಿನ. ತೋಳಿನ ಮೇಲೆ ಅಂಗೈಯಗಲ ಮೇಣ ಹತ್ತಿತ್ತು.

ಕೈಗೆ, ಕತ್ತಿಗೆ ಮೇಣ ಹತ್ತಿದರೆ ನಾವು ತೆಂಗಿನೆಣ್ಣೆ ಹಚ್ಚುತ್ತೇವೆ. ಯೋಚಿಸದೆ ಕೋಟಿಗೂ ಅದನ್ನೇ ಹಚ್ಚಿ ತಿಕ್ಕಿದೆ. ಮೇಣ ಬಿಟ್ಟಿತು, ಎಣ್ಣೆ ಒಳಗಿನ ಹತ್ತಿಗೆ ಇಳಿಯಿತು. ಸೋಪು, ಕಡಲೆಹಿಟ್ಟು, ಪಾತ್ರೆ ತೊಳೆಯುವ ಲಿಕ್ವಿಡ್, ಯಾವುದಕ್ಕೂ ಕಲೆ ಜಗ್ಗಲಿಲ್ಲ, ತಿಕ್ಕಿದಷ್ಟೂ ಅಗಲವಾಯಿತು. ಮರುದಿನ ಸಂಜೆ ಆ ಮೊಮ್ಮಗಳಿಗೆ ಕೆನಡಾಕ್ಕೆ ವಿಮಾನ. ಮಧ್ಯಾಹ್ನದವರೆಗೂ ಒದ್ದೆ ತೋಳನ್ನು ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿದೆ, ಅಳುವುದೊಂದು ಬಾಕಿ ಇತ್ತು. ಕೊನೆಗೆ ಹಾಗೆಯೇ ಕೊಂಡುಹೋದೆ.

"ಇವಳೇ ಕೈ ಒರೆಸಿದ್ದು ಬಾಯಿ, ಎಷ್ಟು ಹೇಳಿದರೂ ಕೇಳುವುದಿಲ್ಲ," ಎಂದೆ. ಮಗಳು ಪಕ್ಕದಲ್ಲೇ ಇದ್ದಳು.

ಬಾಯಿ ತೋಳನ್ನು ಮೂಸಿ ನೋಡಿದರು. "ಮಕ್ಕಳಲ್ವಾ ಮಾರಾಯ್ತಿ, ಬಿಡು. ಎಣ್ಣೆ ಸುರಿದದ್ದು ಸಹ ಇವಳೇಯಾ?"

ಮೊಮ್ಮಗಳು ಅದೇ ಕೋಟು ತೊಟ್ಟು ಹೋದಳು.

ಮಗಳು ಕೋಟಿಗೆ ಕೈ ಒರೆಸಿದ್ದನ್ನು ನಾನು ನೋಡಿದ್ದೆನೇ? ನೆನಪಿಗೆ ಬರುವುದು ಕುರ್ಚಿಯ ಮೇಲಿದ್ದ ಕೋಟು, ಒರೆಸುವ ಬಟ್ಟೆಗಾಗಿ ತಡಕಾಡುತ್ತಿದ್ದ ನನ್ನದೇ ಕೈ. ಇದು ನಡೆದದ್ದೋ, ಆಮೇಲೆ ಅಳುಕು ಕಟ್ಟಿದ್ದೋ ತಿಳಿಯದು. ಮಗಳನ್ನು ಕೇಳಿದರೆ ಹೇಳಿಯಾಳು. ನಾನು ಕೇಳಿಲ್ಲ.